ಅಕ್ಕನ ಬೇಸಿಗೆ ಸೀರೆಯ ಬಣ್ಣ

ಆ ಸೀರೆಯ ಬಣ್ಣ ನೀಲಿ. ಮುಂದೆ ಬರೆಯುವುದರಲ್ಲಿ ಬೇರೆ ಯಾವ ಮಾತಿಗೂ ನಾನು ಜಾಮೀನು ನಿಲ್ಲಲಾರೆ, ಇದೊಂದಕ್ಕೆ ನಿಲ್ಲುತ್ತೇನೆ. ಅಕ್ಕ ಒಪ್ಪುವುದಿಲ್ಲ. ಅವಳ ಪ್ರಕಾರ ಅದು ಕೆಂಪು. ಅದಕ್ಕೆ ಅವಳ ಬಳಿ ಗೋಡೆಗೆ ತೂಗುಹಾಕಿದ ಸಾಕ್ಷಿಯೂ ಇದೆ. ಸಾಕ್ಷಿಯಿಲ್ಲದೆ ಏನನ್ನೂ ನಂಬಬೇಡ ಎಂದು ಕಾಲೇಜಿನಲ್ಲಿ ನನಗೆ ಕಲಿಸಿದರು. ಸಾಕ್ಷಿಯೇ ಸುಳ್ಳು ಹೇಳಿದರೆ ಏನು ಮಾಡಬೇಕೆಂದು ಯಾರೂ ಕಲಿಸಲಿಲ್ಲ.

ಯಾವ ವರ್ಷ ಎಂದು ಕೇಳಿದರೆ ತಡವರಿಸುತ್ತೇನೆ. ಬಟ್ಟೆಗೆ ಸರ್ಕಾರದ ಕಂಟ್ರೋಲ್ ಬಂದಿತ್ತು, ಬಸ್ಸುಗಳು ಪೆಟ್ರೋಲ್ ಬಿಟ್ಟು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಇವೆರಡೂ ಒಟ್ಟಿಗಿದ್ದ ಬೇಸಿಗೆ ಎಂದ ಮೇಲೆ ಎರಡನೆಯ ಮಹಾಯುದ್ಧ ಮುಗಿಯುವುದಕ್ಕೆ ಸ್ವಲ್ಪ ಮುಂಚಿನದೇ ಇರಬೇಕು. ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ರಜಕ್ಕೆ ಮಂಡ್ಯದ ಮನೆಗೆ ಬಂದು, ವಿ.ಸಿ. ಫಾರಂನಲ್ಲಿ ಮೇಸ್ತ್ರಿಯಾಗಿದ್ದ ಅಪ್ಪನಿಗೆ ದೇವರಿಲ್ಲ ಎಂದು ವಿವರಿಸುತ್ತಾ ಕಾಲ ಕಳೆಯುತ್ತಿದ್ದೆ. ಅಪ್ಪ ಇರಲಿ ಬಿಡು ಎನ್ನುತ್ತಿದ್ದರು. ದೇವರು ಇರಲಿ ಎಂದೋ, ಆ ಮಾತು ಅಲ್ಲಿಗಿರಲಿ ಎಂದೋ ಇವತ್ತಿಗೂ ನನಗೆ ಗೊತ್ತಿಲ್ಲ.

ಅಕ್ಕನನ್ನು ಶಿವನಸಮುದ್ರಕ್ಕೆ ಕೊಟ್ಟಿತ್ತು. ಭಾವನಿಗೆ ಅಲ್ಲಿ ಕರೆಂಟಿನ ಕೆಲಸ, ಇರಲು ಒಂದು ಕ್ವಾರ್ಟರ್ಸು. ಒಂದು ದಿನ ಭಾವನ ಜೊತೆಯ ಕೆಲಸದವನೊಬ್ಬ ಮಂಡ್ಯಕ್ಕೆ ಬಂದವನು ಅಕ್ಕ ಹೇಳಿಕಳಿಸಿದ್ದನ್ನು ಅವಳದೇ ಧಾಟಿಯಲ್ಲಿ ಒಪ್ಪಿಸಿ ಹೋದ. ದೊಡ್ಡ ಸಾಹೇಬರಿಗೆ ವರ್ಗವಾಗಿತ್ತು. ಅವರನ್ನು ಬೀಳ್ಕೊಡುವಾಗ ಎಲ್ಲರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುವುದು, ಈ ಸಲ ಹೆಂಗಸರೂ ನಿಲ್ಲಬೇಕು ಎಂದಾಗಿತ್ತು.

“ಬೇಸಿಗೇಗೆ ಆಗೋ ಅಂತ ತೆಳ್ಳನ್ ಸೀರೆ ಬೇಕಂತೆ. ಅವ್ರಿಗೆ ಒಪ್ಪೋ ಅಂತದು. ಈ ಸಲನಾರ ನಾನು ಕಾಣ್ಬೇಕು ಅಂದ್ರು.”

ಕೊನೆಯ ಮಾತು ಅವನಿಗೆ ಅರ್ಥವಾಗಿರಲಾರದು. ನಮಗೆ ಆಯಿತು. ಅಕ್ಕನ ಮದುವೆಯ ಫೋಟೋ ನಮ್ಮ ಮನೆಯ ನಡುಮನೆಯಲ್ಲೇ ಇತ್ತು. ಹಿಂದೆ ಕಪ್ಪು ಪರದೆ. ಅವಳು ಉಟ್ಟಿದ್ದ ಕೆಂಪು ಧಾರೆ ಸೀರೆ ಫೋಟೋದಲ್ಲಿ ಪರದೆಯಷ್ಟೇ ಕಪ್ಪಾಗಿತ್ತು. ನಮ್ಮ ಮನೆತನದ ಮೈಬಣ್ಣ ಉಳಿದ ಕೆಲಸ ಮಾಡಿತ್ತು. ನೋಡಿದವರಿಗೆ ಭಾವ ಒಬ್ಬನೇ ಮದುವೆಯಾದಂತೆಯೂ, ಅವನ ಭುಜದ ಪಕ್ಕದಲ್ಲಿ ಒಂದು ಮೂಗುಬೊಟ್ಟು ಗಾಳಿಯಲ್ಲಿ ತೇಲುತ್ತಿರುವಂತೆಯೂ ಕಾಣುತ್ತಿತ್ತು. ಬಂದವರೆಲ್ಲ “ಉಡುಗಿ ಎಲ್ಲವ್ಳೆ?” ಎಂದು ಕೇಳಿ ನಗುತ್ತಿದ್ದರು. ಅಕ್ಕನೂ ನಗುತ್ತಿದ್ದಳು. ಎಲ್ಲರಿಗಿಂತ ಸ್ವಲ್ಪ ಬೇಗ ನಿಲ್ಲಿಸುತ್ತಿದ್ದಳು.

ಅವ್ವ ಸೆರಗಿನ ತುದಿಗೆ ದುಡ್ಡು ಗಂಟು ಹಾಕಿಕೊಂಡು ಎದ್ದಳು. ಎಷ್ಟೆಂದು ಹೇಳಲಿಲ್ಲ. ಅಪ್ಪನಿಗೇ ಹೇಳದವಳು ನನಗೆ ಹೇಳುವಳೇ?

“ನೀನೂ ಬಾರ್ಲಾ” ಎಂದಳು.

“ನಾನ್ಯಾಕೆ? ಸೀರೆ ವ್ಯಾಪಾರ ನನಗೇನು ಗೊತ್ತು?”

“ವ್ಯಾಪಾರ ಮಾಡು ಅಂದೋರ್ಯಾರು? ಸುಮ್ಕೆ ನಿಂತ್ಕೊಂಡ್ರೆ ಸಾಕು. ಅವಳ್ನ ಅಲ್ಲಿಂದ ಕರ್ಕೊಂಡ್ ಬರಕ್ಕಾಯ್ತದಾ? ನೀನಿದ್ದೀಯಲ್ಲ. ಅದೇ ಮೊಕ, ಅದೇ ಬಣ್ಣ, ಅದೇ ಉದ್ದ, ಅದೇ ಕಬ್ಬಿನ್ ಜಲ್ಲೆ. ಮೀಸೆ ಒಂದು ಜಾಸ್ತಿ.”

ಹೀಗೆ ಸಾವಿರಾರು ವರ್ಷಗಳ ತತ್ವಶಾಸ್ತ್ರವನ್ನು ಮೈಸೂರಿನ ಹಾಸ್ಟೆಲಿನಲ್ಲಿ ಕೂತು ತಳ್ಳಿಹಾಕಿದ್ದ ನಾನು, ಮಂಡ್ಯದ ಪೇಟೆ ಬೀದಿಯಲ್ಲಿ ಅವ್ವನ ಹಿಂದೆ ಹೊರಟೆ.

ಮಂಡ್ಯದ ಅಂಗಡಿಯಲ್ಲಿ ಕಂಟ್ರೋಲ್ ಸೀರೆಗಳ ಒಂದೇ ರಾಶಿ ಇತ್ತು. ಎಲ್ಲವೂ ಗೋಣಿತಾಟಿನ ಒಡಹುಟ್ಟಿದವು. ಅವ್ವ ಒಂದನ್ನು ಎರಡು ಬೆರಳ ನಡುವೆ ಹೊಸಕಿ ನೋಡಿದಳು. “ಇದುನ್ನ ಉಟ್ಕಂಡ್ರೆ ಗಾಳಿ ಇರ್ಲಿ, ಕಳ್ಳನೂ ಒಳಕ್ಕೆ ಬರಾಕಿಲ್ಲ” ಎಂದು ಅಲ್ಲೇ ಬಿಟ್ಟಳು. ಮದ್ದೂರಿಗೆ ಹೋಗಿ ನೋಡುವುದು, ಅಲ್ಲಿ ಸಿಕ್ಕದಿದ್ದರೆ ಮಳವಳ್ಳಿ, ಅಲ್ಲಿಂದ ಹಾಗೇ ಶಿವನಸಮುದ್ರ ಎಂದು ತೀರ್ಮಾನವಾಯಿತು. ದಾರಿ ಹೇಗೂ ಅದೇ.

ಮದ್ದೂರಿಗೆ ರೈಲಿನಲ್ಲಿ ಹೋದೆವು. ಸ್ಟೇಷನ್ನಿನಲ್ಲಿ ವಡೆ ತಿಂದ ನೆನಪು ನನಗಿದೆ. ಆದರೆ ಮದ್ದೂರು ಎಂದ ಕೂಡಲೇ ವಡೆ ತಿಂದ ನೆನಪು ಯಾರಿಗೆ ಬರುವುದಿಲ್ಲ? ಅಲ್ಲಿ ಇಳಿಯದವರಿಗೂ ಬರುತ್ತದೆ. ಅವ್ವ ಸೀರೆ ದುಡ್ಡಿನ ಗಂಟು ಬಿಚ್ಚಿ ವಡೆ ಕೊಡಿಸಿರುವ ಸಂಭವವಿಲ್ಲ. ಆದ್ದರಿಂದ ತಿಂದಿಲ್ಲ ಎಂದೇ ಇಟ್ಟುಕೊಳ್ಳೋಣ.

ಅಂಗಡಿ ಸಾಬರದು. ಗಡ್ಡಕ್ಕೆ ಮದರಂಗಿ ಹಚ್ಚಿದ, ಬಿಳಿ ಹಾಸಿನ ಮೇಲೆ ಮೊಳಕೈ ಊರಿ ಕೂತಿದ್ದ ಹಿರಿಯರು. ಅವ್ವ ಜಗಲಿಯ ತುದಿಗೆ ಕೂತು ನನ್ನನ್ನು ಮುಂದೆ ತಳ್ಳಿದಳು.

“ಸಾಬ್ರೆ, ತೆಳ್ಳನ್ ಸೀರೆ ಇದ್ರೆ ತೋರ್ಸಿ. ಇವನಿಗೆ ಒಪ್ಬೇಕು.”

ಸಾಬರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ಯಾರಿಗೆ ಅಂದ್ರಿ ತಾಯಿ?”

“ಇವನಕ್ಕನಿಗೆ. ಅವ್ಳು ಥೇಟು ಇವನಂಗೇ ಅವ್ಳೆ.”

“ಇವನಂಗೇನಾ? ಮದುವೆ ಆಗೈತಾ?”

“ಆಗೈತೆ.”

“ಒಳ್ಳೇದಾಯ್ತು ಬುಡಿ” ಎಂದು ಸಾಬರು ನಿಜವಾದ ಸಮಾಧಾನದಿಂದ ಹೇಳಿ, ಒಳಗಿನ ಬೀರುವಿನಿಂದ ಕಾಗದ ಸುತ್ತಿದ ಒಂದು ವಾಯಿಲ್ ಸೀರೆ ತೆಗೆದರು. ತೆಳುವಾದ ಗುಲಾಬಿ. ಕೊಡವಿದರೆ ಗಾಳಿಯಲ್ಲಿ ನಿಂತು, ಯೋಚನೆ ಮಾಡಿ, ಆಮೇಲೆ ಕೆಳಗಿಳಿಯುವಂಥ ಬಟ್ಟೆ. “ನೋಡಿ ತಾಯಿ ಮಾಲು. ಉಟ್ಟಿದೀನೋ ಇಲ್ವೋ ಅಂತ ಉಟ್ಟೋರಿಗೇ ಅನುಮಾನ ಬರ್ಬೇಕು.”

“ನೋಡೋರ್ಗೆ ಬರ್ಬಾರ್ದಲ್ಲ ಸಾಬ್ರೆ” ಎಂದಳು ಅವ್ವ.

ಮೊದಲು ಕತ್ತಿನ ಹತ್ತಿರ ಹಿಡಿದರು. ಸಾಲಲಿಲ್ಲ. ಭುಜಕ್ಕೆ ಹಾಕಿದರು. ಅದೂ ಸಾಲಲಿಲ್ಲ. ಕಡೆಗೆ ಸಾಬರು ಕೆಳಗಿಳಿದು ಬಂದು, ನನ್ನ ಪಂಚೆಯ ಮೇಲೇ ನೆರಿಗೆ ಹಿಡಿದು ಸುತ್ತಿ, ಸೆರಗು ಎಳೆದು ಹೆಗಲಿಗೆ ಹಾಕಿದರು. ಅವ್ವ ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನನ್ನೊಳಗಿಂದ ಮಗಳನ್ನು ಹುಡುಕಿದಳು.

“ಒಸಿ ಮೀಸೆ ಮುಚ್ಕೊಳ್ಳಲಾ.”

ಮುಚ್ಚಿಕೊಂಡೆ. ಅಷ್ಟರಲ್ಲಿ ಬೀದಿಯಲ್ಲಿ ಜನ ನಿಂತಿದ್ದರು. ಎತ್ತಿನ ಗಾಡಿಯ ಮೇಲಿಂದ ಯಾರೋ ಕೂಗಿದರು: “ಯಾವ ಕಂಪ್ನಿ ನಾಟ್ಕ? ರಾಣಿ ಪಾಲ್ಟಾ, ಸಖೀನಾ?”

“ಸೂತ್ರಧಾರ ನಾನು ಕಣಪ್ಪ” ಎಂದರು ಸಾಬರು.

ಸೀರೆ ಅವ್ವನಿಗೆ ಹಿಡಿಸಿತ್ತು. ಹಿಡಿಸಿಲ್ಲವೆಂಬಂತೆ ಮುಖ ಗಂಟಿಕ್ಕಿಕೊಂಡಳು. ಬೆಲೆ ಕೇಳಿದಳು. ಸಾಬರು ಹೇಳಿದರು. ಅವ್ವ ಅದರ ಅರ್ಧ ಹೇಳಿದಳು. ಸಾಬರು ಅವಳ ಸೆರಗಿನ ತುದಿ ನೋಡಿ, “ಗಂಟು ದಪ್ಪ ಐತಲ್ಲ ತಾಯಿ” ಎಂದರು. “ಅದ್ರಾಗೆ ಎಲೆ ಅಡಿಕೆ ಐತೆ” ಎಂದು ಅವ್ವ ಎದ್ದೇಬಿಟ್ಟಳು.

ಅಂಗಡಿಯಿಂದ ಎದ್ದು ಹೋಗುವುದು ಕೊಳ್ಳುವುದರ ಒಂದು ಭಾಗ. ನಾವು ನಿಧಾನವಾಗಿ ನಡೆಯಬೇಕು, ಹಿಂದೆ ತಿರುಗಿ ನೋಡಬಾರದು, ಅವರು ಕರೆಯಬೇಕು. ಯುದ್ಧದ ಕಾಲದಲ್ಲಿ ಅಂಗಡಿಯವರು ಕರೆಯುವುದನ್ನು ನಿಲ್ಲಿಸಿದ್ದರು. ಇವರು ಬಿಟ್ಟರೆ ಇನ್ನೊಬ್ಬರು ಕೊಳ್ಳುತ್ತಾರೆ ಎಂಬ ಧೈರ್ಯ. ಅದು ಅವ್ವನಿಗೆ ತಿಳಿದಿರಲಿಲ್ಲ. ಅವಳು ನಡೆದಳು. ನಾನೂ ಹಿಂದೆ ನಡೆದೆ. ಪಕ್ಕದ ಬೆಲ್ಲದ ಅಂಗಡಿ ದಾಟಿದೆವು. ಅದರ ಪಕ್ಕದ ಹಗ್ಗದ ಅಂಗಡಿಯೂ ಬಂತು.

“ತಾಯೀ! ಓ ತಾಯೀ! ಒಸಿ ನಿಂತ್ಕೊಳ್ಳಿ!”

ಅವ್ವ ತಿರುಗಿದಳು. ಅವಳ ಮುಖದಲ್ಲಿ ಅಂಥ ಗೆಲುವನ್ನು ನಾನು ಮತ್ತೆ ನೋಡಲಿಲ್ಲ. “ನಾನೇಳಿದ್ ಬೆಲೇಗೇ ಕೊಡ್ತೀರಾ?”

“ಬೆಲೆ ಅಂಗಿರ್ಲಿ ತಾಯಿ, ಸೀರೆ ಬುಟ್ಟೋಗಿ! ನಿಮ್ಮುಡ್ಗ ಉಟ್ಕಂಡೇ ಓಯ್ತಾವ್ನೆ!”

ನಿಜ. ನಾನು ಉಟ್ಟುಕೊಂಡೇ ಹೋಗುತ್ತಿದ್ದೆ. ಉಟ್ಟವರಿಗೇ ಅನುಮಾನ ಬರಬೇಕು ಎಂದು ಸಾಬರು ಹೇಳಿದ್ದು ವ್ಯಾಪಾರದ ಮಾತಾಗಿರಲಿಲ್ಲ. ಹಗ್ಗದ ಅಂಗಡಿಯ ಮುಂದೆ ನಿಂತು ಬಿಚ್ಚಿಕೊಟ್ಟೆ. ಅವ್ವ ಮಳವಳ್ಳಿಯವರೆಗೂ ನನ್ನ ಜೊತೆ ಮಾತಾಡಲಿಲ್ಲ. ಸೀರೆ ಕೈತಪ್ಪಿತೆಂದು ಕೋಪವೋ, ತಿರುಗಿ ನೋಡಿ ಮಾನ ಕಳೆದುಕೊಂಡೆನೆಂದು ಕೋಪವೋ.

ಮಳವಳ್ಳಿಯ ಬಸ್ಸಿನ ಹಿಂದೆ ಇದ್ದಿಲ ಉರಿಯುವ ಡಬ್ಬಿ ಇತ್ತು. ದಿಣ್ಣೆ ಬಂದಾಗ ಗಂಡಸರೆಲ್ಲ ಇಳಿದು ತಳ್ಳಬೇಕು. ತಳ್ಳಿ ಮುಖವೆಲ್ಲ ಮಸಿ ಮಾಡಿಕೊಂಡೆವು. ಮಳವಳ್ಳಿಯಲ್ಲಿ ಇಳಿದಾಗ ಅವ್ವ ಮೊದಲ ಸಲ ಬಾಯಿಬಿಟ್ಟು, “ಮೊಕ ತೊಳ್ಕೊ ಓಗ್ಲಾ. ಅವಳ್ ಬಣ್ಣ ಇದಲ್ಲ” ಎಂದಳು.

ಅಲ್ಲಿ ಒಂದೇ ಅಂಗಡಿಯಲ್ಲಿ ವಾಯಿಲ್ ಇತ್ತು, ಎರಡೇ ಸೀರೆ ಉಳಿದಿದ್ದವು. ಒಂದು ಇಟ್ಟಿಗೆ ಕೆಂಪು. ಇನ್ನೊಂದು ತಿಳಿ ನೀಲಿ. ಅವ್ವನ ಕೈ ಕೆಂಪಿನ ಮೇಲೆ ಹೋಯಿತು.

ಇಲ್ಲಿಂದ ಮುಂದಿನದು ನನಗೆ ನೆನಪಿರುವಂತೆ ಹೀಗೆ. ನಾನು ಹೇಳಿದೆ: “ಕೆಂಪು ಬ್ಯಾಡ ಅವ್ವ. ಕ್ಯಾಮೆರಾದೊಳಗೆ ಫೋಟೋ ಹಿಡಿಯೋ ಗಾಜಿಗೆ ಕೆಂಪು ಅಂದ್ರೆ ಕಪ್ಪೇ. ಮದುವೇಲಿ ಆಗಿದ್ದೂ ಅದೇ. ನೀಲಿ ತಗೊ. ಎದ್ದು ಕಾಣ್ತದೆ.”

“ಬಣ್ಣ ಗೊತ್ತಾಗಾಕಿಲ್ವಾ ಅದುಕ್ಕೆ? ಕುರ್ಡಿ ತಾವ ಮೊಕ ತೋರ್ಸಕ್ಕೆ ದುಡ್ಡು ಬ್ಯಾರೆ ಕೊಟ್ಟಾರಾ?”

ನಾನು ಬೆಳಕಿನ ಅಲೆಗಳ ವಿಚಾರ ತೆಗೆದೆ. ಅಂಗಡಿಯವನು ಆಕಳಿಸಿದ. ಅವ್ವ ನೀಲಿ ಸೀರೆಯನ್ನು ನನ್ನ ಕತ್ತಿಗೆ ಹಿಡಿದು, ಒಂದು ಗಳಿಗೆ ನೋಡಿ, ಗಂಟು ಬಿಚ್ಚಿದಳು. ವಿಜ್ಞಾನ ಗೆದ್ದಿತು ಎಂದು ಬಹಳ ವರ್ಷ ನಂಬಿದ್ದೆ. ಆದರೆ ಆ ನೀಲಿ ಸೀರೆಯ ಅಂಚಿನಲ್ಲಿ ನೀರಿನ ಕಲೆ ಇತ್ತು, ಅದಕ್ಕೆ ಬೆಲೆ ಇಳಿಸಿದ್ದ ಎಂದೂ ನೆನಪು. ನೆರಿಗೆಯೊಳಗೆ ಕಲೆ ಮುಚ್ಚಿಹೋಗುತ್ತದೆ ಎಂದು ಅವ್ವ ಲೆಕ್ಕ ಹಾಕುತ್ತಿದ್ದ ಹೊತ್ತಿನಲ್ಲೇ ನಾನು ಅಲೆಗಳ ಬಗ್ಗೆ ಮಾತಾಡುತ್ತಿದ್ದಿರಬೇಕು.

ಶಿವನಸಮುದ್ರದಲ್ಲಿ ಅಕ್ಕ ಸೀರೆಯನ್ನು ಮೊದಲು ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಉಟ್ಟು ಹೊರಗೆ ಬಂದಳು. ಹೊಳೆಯ ಕಡೆಯ ಗಾಳಿಗೆ ಸೆರಗು ಒಂದು ಸಲ ಎದ್ದು ಕೂತಿತು. ಕಬ್ಬಿನ ಜಲ್ಲೆ ಎಂದು ನಾವು ಆಡಿಕೊಳ್ಳುತ್ತಿದ್ದ ಉದ್ದವೆಲ್ಲ ಈ ಸೀರೆಗಾಗಿಯೇ ಬೆಳೆದದ್ದೇನೋ ಎನಿಸಿತು. ನನ್ನ ಮೇಲೆ ಹಾಗೆ ಕಂಡಿರಲಿಲ್ಲ. ಅದಕ್ಕೆ ಮೀಸೆಯೊಂದೇ ಕಾರಣವಿರಲಾರದು. ಅಕ್ಕಪಕ್ಕದ ಹೆಂಗಸರು ಬಂದು ಅಂಚು ಮುಟ್ಟಿದರು. ಅಕ್ಕನ ಅತ್ತೆ, ಗಂಡ ತೀರಿಕೊಂಡಂದಿನಿಂದ ಬಿಳಿ ಸೀರೆ ಬಿಟ್ಟು ಬೇರೆ ಉಡದ, ಮಾತಿಗೆ ಮುಂಚೆ ಗದರುವ ಮುದುಕಿ. ಅವರೂ ಹೊಸ್ತಿಲ ಮೇಲೆ ನಿಂತು, “ಒಪ್ತದೆ ಕಣ್ ಮಗ” ಎಂದರು.

ಫೋಟೋ ತೆಗೆದದ್ದಾಯಿತು. ಅವ್ವ ಊರಿಗೆ ಹೋದಳು. ನಾನು ರಜ ಮುಗಿಯುವವರೆಗೆ ಅಲ್ಲೇ ಉಳಿದೆ, ಜಲಪಾತ ನೋಡುವ ನೆಪದಲ್ಲಿ. ನಿಜವಾಗಿ, ನನ್ನ ಸಿದ್ಧಾಂತ ಗೆಲ್ಲುವುದನ್ನು ಕಣ್ಣಾರೆ ನೋಡಬೇಕಿತ್ತು.

ಗೆದ್ದಿತು. ಮಳವಳ್ಳಿಯ ಫೋಟೋದವನು ರಟ್ಟಿಗೆ ಅಂಟಿಸಿದ ಪ್ರತಿಗಳನ್ನು ತಂದು ಹಂಚಿದ ಸಂಜೆ ಅಕ್ಕ ದೀಪದ ಹತ್ತಿರ ಹಿಡಿದು ನೋಡಿದಳು. ಕಪ್ಪು, ಬೂದಿ, ಕಪ್ಪು, ಬೂದಿ ಎಂದು ನಿಂತ ಸಾಲಿನ ನಡುವೆ ಒಬ್ಬಳೇ ಒಬ್ಬಳು ಅಚ್ಚ ಬಿಳಿ ಸೀರೆಯಲ್ಲಿ ಎದ್ದು ಕಾಣುತ್ತಿದ್ದಳು.

“ನಾನು ಕಾಣ್ತಿವ್ನಿ ಕಣ್ಲಾ!” ಎಂದಳು ಅಕ್ಕ.

ಅತ್ತೆ ಬಗ್ಗಿ ನೋಡಿದರು. ನೋಡಿದವರು ಹಾಗೇ ನೆಲಕ್ಕೆ ಕೂತರು.

“ಸಿವನೇ! ನನ್ನ ಮಗ ಗುಂಡುಕಲ್ಲಂಗೆ ಪಕ್ಕದಾಗೇ ನಿಂತವ್ನೆ, ನೀನು ಬಿಳಿ ಸೀರೆ ಉಟ್ಟಿದ್ದೀಯಲ್ಲೇ!”

ನಮ್ಮ ಕಡೆ ಬಿಳಿ ಸೀರೆ ಉಡುವವರು ಯಾರೆಂದು ಹೇಳಬೇಕಾಗಿಲ್ಲ. ಬೆಳಕು ಬಿದ್ದರೆ ಗಾಜಿನ ಮೇಲೆ ಏನಾಗುತ್ತದೆ ಎಂದು ಕಾಲೇಜಿನಲ್ಲಿ ಓದಿದ್ದೆ. ಅದನ್ನು ನೋಡಿ ಅತ್ತೆ ಏನನ್ನುತ್ತಾರೆ ಎಂಬುದು ಪಾಠದಲ್ಲಿರಲಿಲ್ಲ. ಆದರೂ ವಿವರಿಸಲು ಹೊರಟೆ.

“ಅದು ಬಿಳಿಯಲ್ಲ ಅತ್ತೆ, ನೀಲಿ. ಬೆಳಕಿನ ಗುಣ ಅದು.”

“ಬೆಳಕು ಊರಿಗೆಲ್ಲ ಬಿದ್ದೈತಲ್ಲ, ಬ್ಯಾರೆಯೋರ ಸೀರೆ ಯಾಕೆ ಬೆಳ್ಳಗಾಗ್ನಿಲ್ಲ? ಈ ಮನೇಗೆ ಒಂದು ಬಿಳಿ ಸೀರೆ ಐತೆ, ನಾನುಟ್ಟಿವ್ನಿ. ಅದೇ ಸಾಕು. ಇದುನ್ನ ಪೆಟ್ಟಿಗೆ ತಳುಕ್ಕೆ ಆಕು.”

ಭಾವ ಎದ್ದು ಹೊರಗೆ ಹೋದ. ಬದುಕಿದ್ದೇನೆ ಎಂದು ತೋರಿಸಲು ಜಗಲಿಯ ಮೇಲೆ ಜೋರಾಗಿ ಕೆಮ್ಮಿದ.

ಅಕ್ಕ ಫೋಟೋವನ್ನು ಮಡಿಲಲ್ಲಿ ಇಟ್ಟುಕೊಂಡೇ ಇದ್ದಳು. “ಅಂಗಾರೆ ಈ ಸಲಾನೂ ನಾನು ಕಾಣಾಕಿಲ್ವಾ ಅತ್ತೆ?” ಎಂದಳು.

ಅತ್ತೆ ಎದ್ದು, ದೇವರ ಗೂಡಿನಿಂದ ಕುಂಕುಮದ ಬಟ್ಟಲನ್ನು ಅಕ್ಕನಿಂದ ತೆಗೆಸಿ, ಹರಳೆಣ್ಣೆ ಬೆರೆಸಿ, ಹತ್ತಿಯ ಬತ್ತಿಯೊಂದನ್ನು ಹೊಸೆದು ಅದರಲ್ಲಿ ಅದ್ದಿದರು. ಕಣ್ಣು ಮಂದ, ಕೈ ನಡುಕ. ಫೋಟೋದಲ್ಲಿನ ಸೀರೆಗೆ ನೆರಿಗೆಯಿಂದ ಸೆರಗಿನವರೆಗೆ ಬಳಿದರು. ಭಾವನ ಬಲ ಮೊಳಕೈಗೂ ಸ್ವಲ್ಪ ತಾಗಿತು. “ಇರ್ಲಿ ಬುಡು, ಗಂಡನ್ ಮೈಗೂ ಒಸಿ ಕುಂಕ್ಮ” ಎಂದರು.

ಅಷ್ಟಕ್ಕೆ ಮುಗಿಯಲಿಲ್ಲ. ಫೋಟೋ ಒಂದೇ ಅಲ್ಲವಲ್ಲ. ಕ್ವಾರ್ಟರ್ಸಿನಲ್ಲಿ ದುಡ್ಡು ಕೊಟ್ಟವರ ಮನೆಯಲ್ಲೆಲ್ಲ ಅಕ್ಕ ಬಿಳಿ ಸೀರೆಯಲ್ಲಿ ನಿಂತಿದ್ದಳು. ಫೋಟೋದವನನ್ನು ಕರೆಸಿದಾಗ, ಬಣ್ಣ ಹಾಕಲು ಅವನು ಹೇಳಿದ ದರ ಕೇಳಿ ಅತ್ತೆ ಅವನ ಕ್ಯಾಮೆರಾದ ತಾಯಿ ತಂದೆಯನ್ನೆಲ್ಲ ನೆನೆಸಿದರು. ಮಾರನೆಯ ದಿನ ತಲೆಗೆ ನೀರು ಹಾಕಿಕೊಂಡು ಅಕ್ಕನ ಕೈಗೆ ಕುಂಕುಮದ ಬಟ್ಟಲು ಕೊಟ್ಟು ಮುಂದೆ ಬಿಟ್ಟರು. ಬತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಾವು ಹಿಂದೆ. ಕುಂಕುಮ ಹಿಡಿದು ಬಾಗಿಲಿಗೆ ಬಂದ ಮುತ್ತೈದೆಯನ್ನು ಯಾರು ತಾನೆ ಹೊರಗೆ ನಿಲ್ಲಿಸುತ್ತಾರೆ? ಮನೆಯಾಕೆ ಹಣೆಗೆ ಇಡಿಸಿಕೊಂಡು ಮಣೆ ಹಾಕುವಷ್ಟರಲ್ಲಿ ಅತ್ತೆ ಗೋಡೆಯ ಹತ್ತಿರ ಹೋಗಿರುತ್ತಿದ್ದರು.

“ಅಯ್ಯೋ, ನಮ್ಮ ಫೋಟೋ! ಏನ್ ಮಾಡ್ತಿದ್ದೀರಿ ಅಜ್ಜಿ?”

“ನಿಮ್ಮುನ್ನ ಮುಟ್ಟಾಕಿಲ್ಲ ಕಣವ್ವ, ನಮ್ಮುಡುಗೀಗೆ ಮಾತ್ರ. ಕುಂಕ್ಮ ಬ್ಯಾಡ ಅಂತೀಯಾ?”

ಬೇಡ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ನಾನು ಬಾಗಿಲ ಹೊರಗೆ ನಿಂತಿದ್ದೆ ಎಂದು ನನ್ನ ನೆನಪು. ಎಣ್ಣೆಯ ಗಿಂಡಿ ಹಿಡಿದಿದ್ದವನು ನಾನೇ ಎಂದು ಅಕ್ಕ ಹೇಳುತ್ತಾಳೆ. ಅದು ನಿಜವಾದರೆ ವಿಚಾರವಾದಿಯಾಗಿ ನನ್ನ ವೃತ್ತಿ ಅಲ್ಲಿಗೇ ಮುಗಿದಿತ್ತು.

ಆ ಸೀರೆ ಆಮೇಲೆ ಒಗೆದು ಒಗೆದು ಬಣ್ಣ ಬಿಟ್ಟು, ತೊಟ್ಟಿಲಿಗೆ ಹೋಯಿತು, ಅಲ್ಲಿಂದ ಒರೆಸುವ ಬಟ್ಟೆಗೆ. ಉಳಿದದ್ದು ಫೋಟೋ. ಕಳೆದ ಸಲ ಅಕ್ಕನ ಮನೆಗೆ ಹೋದಾಗ ಮತ್ತೆ ಅದರ ಮುಂದೆ ನಿಂತೆ. ಸಾಹೇಬರು ಮಾಸಿದ್ದಾರೆ. ಅವರ ಮುಖ ಯಾವುದು, ಹಿಂದಿನ ಗೋಡೆ ಯಾವುದು ಎಂದು ತಿಳಿಯದು. ಸಾಲಿನಲ್ಲಿ ಯಾರು ಯಾರು ಎಂದು ಅಕ್ಕನಿಗೂ ಮರೆತಿದೆ. ಮಾಸಿದ ಆ ಸಾಲಿನ ನಡುವೆ ಒಬ್ಬ ಉದ್ದನೆಯ ಹೆಂಗಸು ಮಾತ್ರ ಕೆಂಪಗೆ ನಿಂತಿದ್ದಾಳೆ. ಮನೆಗೆ ಬಂದವರ ಕಣ್ಣು ಮೊದಲು ಹೋಗುವುದು ಅವಳ ಮೇಲೆ.

“ನೋಡ್ಲಾ, ಕೆಂಪು” ಎಂದಳು ಅಕ್ಕ.

“ಅದು ನಿಮ್ಮತ್ತೆ ಬಳಿದದ್ದು. ಸೀರೆ ನೀಲಿ.”

“ಕೆಂಪಿತ್ತು ಅಂತ್ಲೇ ಕೆಂಪು ಬಳಿದ್ರು. ಇಲ್ದಿದ್ರೆ ನೀಲಿ ಬಳೀತಿದ್ರು.”

ಭಾವನನ್ನು ಕೇಳಿದೆ. ಅವನು ಪೇಪರಿನಿಂದ ತಲೆ ಎತ್ತದೆ, “ಫೋಟೋದೋನು ಪಕ್ಕಕ್ಕೆ ತಿರುಗಬ್ಯಾಡ ಅಂದಿದ್ದ. ನಾನು ತಿರುಗ್ಲಿಲ್ಲ” ಎಂದ.

ಅಕ್ಕ ಕಾಫಿ ತರಲು ಒಳಗೆ ಹೋದಾಗ ಫೋಟೋವನ್ನು ಕೆಳಗಿಳಿಸಿದೆ. ಸೀರೆಯ ಅಂಚಿನ ಒಂದು ಚೂರನ್ನು ಉಗುರಿನಿಂದ ಮೆಲ್ಲಗೆ ಕೆರೆದೆ. ಕೆಂಪು ಎದ್ದು ಬಂತು. ಕೆಳಗೆ ಬಿಳಿ.

“ನೋಡು! ಕೆಂಪು ಸೀರೆ ಆಗಿದ್ರೆ ಕೆಳಗೆ ಕಪ್ಪು ಇರ್ಬೇಕಿತ್ತು. ಬಿಳಿ ಐತೆ. ಅಂದ್ರೆ ನೀಲಿ.”

ಅಕ್ಕ ಲೋಟ ಕೆಳಗಿಟ್ಟು ನನ್ನ ಕೈಗೊಂದು ಏಟು ಕೊಟ್ಟಳು. “ಕೆರದ್ರೆ ಬಿಳೀನೇ ಕಾಣೋದು ಕಣ್ಲಾ. ಗ್ವಾಡೆ ಕೆರದ್ರೂ ಬಿಳೀನೆ. ಅಷ್ಟು ಓದಿ ಇಷ್ಟೂ ಗೊತ್ತಾಗಾಕಿಲ್ವಾ?”

ಉಗುರು ಹೋಗಿದ್ದು ಕುಂಕುಮದ ಕೆಳಗಿನ ಚಿತ್ರದವರೆಗೋ, ಚಿತ್ರವೂ ಕಿತ್ತು ಕಾಗದದವರೆಗೋ ಎಂಬ ಅನುಮಾನ ನನಗೂ ಆಗ ಬಂತು. ಕನ್ನಡಕ ಹಾಕಿಕೊಂಡು ನೋಡಿದೆ. ಹೇಳುವುದು ಕಷ್ಟ.

ಅಕ್ಕ ಒಳಗಿನಿಂದ ಕುಂಕುಮದ ಬಟ್ಟಲು ತಂದಳು, ಎಣ್ಣೆಯ ಒಂದು ತೊಟ್ಟು ಬಿಟ್ಟಳು, ಬೆರಳ ತುದಿಯಲ್ಲಿ ಆ ಜಾಗಕ್ಕೆ ಒತ್ತಿದಳು. ಈ ಕೆಲಸ ಅವಳಿಗೆ ಹೊಸದಲ್ಲವೆಂದು ಕೈಯ ಚುರುಕಿನಲ್ಲೇ ಗೊತ್ತಾಯಿತು. ಫೋಟೋವನ್ನು ಮೊಳೆಗೆ ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು, ಅವ್ವನ ಹಾಗೆಯೇ ಕಣ್ಣು ಕಿರಿದು ಮಾಡಿ ನೋಡಿದಳು.

“ನಾನು ಕಾಣ್ತಿವ್ನಾ?” ಎಂದಳು.

ಕಾಣುತ್ತಿದ್ದಳು.